ಇ-ರೀಡರ್‌ನಲ್ಲಿ ಮೊಬೈಲ್ ಅಂತರಜಾಲ

ವಿದ್ಯುನ್ಮಾನ ಪುಸ್ತಕಗಳನ್ನು ಓದಲೆಂದು ತಯಾರಾದ ಇ-ರೀಡರ್ ಸಾಧನದೊಳಗೆ ಅಡಕವಾಗಿರುವ ಮೊಬೈಲ್ ಜಾಲದ ಸಂಪರ್ಕವನ್ನು ಬಳಸಿ ಮಿಂಚಂಚೆ (ಇ-ಮೇಲ್) ನೋಡುವುದನ್ನೂ ಜಾಲತಾಣಗಳನ್ನು ಓದುವುದನ್ನೂ ಇ-ರೀಡರ್‌ನಲ್ಲಿ ಮೊಬೈಲ್ ಅಂತರಜಾಲದ ಬಳಕೆ ಎನ್ನುತ್ತಾರೆ. ಅಮೆಜಾನ್ ಸಂಸ್ಥೆಯ ಕಿಂಡಲ್ ಸಾಧನಗಳ ಮೂಲಕ, ಮುಖ್ಯವಾಗಿ 2010ರಲ್ಲಿ ಬಂದ ಮೂರನೆಯ ತಲೆಮಾರಿನ ಕಿಂಡಲ್‌ನ ಮೂಲಕ, ಈ ಬಳಕೆ ಪ್ರಚಾರಕ್ಕೆ ಬಂದಿತು. ಪ್ರತ್ಯೇಕ ಸಿಮ್ ಇಲ್ಲದೆ, ತಿಂಗಳ ಬಾಡಿಗೆ ಇಲ್ಲದೆ, ಹಲವು ದೇಶಗಳಲ್ಲಿ ಅಂತರಜಾಲ ದೊರೆಯುತ್ತಿದ್ದುದು ಇದರ ಆಕರ್ಷಣೆಯಾಗಿತ್ತು. ಈ ಸೌಲಭ್ಯ ಕೆಲವೇ ವರ್ಷಗಳಲ್ಲಿ ಹಂತಹಂತವಾಗಿ ಮೊಟಕುಗೊಂಡಿತು. ಕನ್ನಡ ಓದುಗರಿಗಂತೂ ಸಂಕೇತ ಸಿಕ್ಕ ಕಡೆಯಲ್ಲಿಯೂ ಅದು ಅರ್ಧದಷ್ಟೇ ಉಪಯೋಗಕ್ಕೆ ಬಂದಿತು. ಸಾಧನವು ಕನ್ನಡದ ಪುಟವನ್ನು ತರಿಸಿಕೊಳ್ಳಬಲ್ಲದಾಗಿತ್ತು, ಆದರೆ ಅದನ್ನು ಓದಿಸಬಲ್ಲದಾಗಿರಲಿಲ್ಲ.

ಹಿನ್ನೆಲೆ

ಮೊದಲ ಕಿಂಡಲ್ 2007ರ ನವೆಂಬರ್ 19ರಂದು ಅಮೆರಿಕದಲ್ಲಿ 399 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ಆ ಮುನ್ನ ಬಂದಿದ್ದ ಬಹುತೇಕ ಇ-ರೀಡರ್‌ಗಳಿಗೆ ಪುಸ್ತಕ ತುಂಬಬೇಕಾದರೆ ಅವುಗಳನ್ನು ತಂತಿಯ ಮೂಲಕ ಗಣಕಯಂತ್ರಕ್ಕೆ ಜೋಡಿಸಬೇಕಿತ್ತು. ಅಮೆಜಾನ್ ಈ ನಡುವಿನ ಕೊಂಡಿಯನ್ನು ತೆಗೆದುಹಾಕಿ ಸಾಧನದೊಳಗೇ ಮೊಬೈಲ್ ಮೋಡೆಮ್ ಇರಿಸಿತು. ಈ ಸೇವೆಗೆ ‘ವಿಸ್ಪರ್‌ನೆಟ್’ ಎಂದು ಹೆಸರಿಟ್ಟಿತು. ಮೊದಲ ಸಾಧನ ಸ್ಪ್ರಿಂಟ್ ಕಂಪನಿಯ ಜಾಲವನ್ನು ಅವಲಂಬಿಸಿತ್ತು. ಹೀಗಾಗಿ ಅಮೆರಿಕದ ಹೊರಗೆ ಅದರ ಮೋಡೆಮ್ ನಿರುಪಯುಕ್ತವಾಗಿತ್ತು.

ಎರಡನೆಯ ತಲೆಮಾರಿನ ಕಿಂಡಲ್ 2009ರ ಫೆಬ್ರವರಿಯಲ್ಲಿಯೂ ಅದರ ಅಂತರರಾಷ್ಟ್ರೀಯ ಆವೃತ್ತಿ ಅದೇ ವರ್ಷದ ಅಕ್ಟೋಬರ್‌ನಲ್ಲಿಯೂ ಬಂದವು. ಅಂತರರಾಷ್ಟ್ರೀಯ ಆವೃತ್ತಿಯು ಎಟಿ ಅಂಡ್ ಟಿ ಕಂಪನಿಯ ಜಾಲವನ್ನೂ ಹೊರದೇಶಗಳಲ್ಲಿ ಅದರ ರೋಮಿಂಗ್ ಒಪ್ಪಂದಗಳನ್ನೂ ಬಳಸಿಕೊಂಡು ನೂರಕ್ಕೂ ಹೆಚ್ಚು ದೇಶಗಳಿಗೆ ತಲುಪಿತು. ಭಾರತವೂ ಅವುಗಳಲ್ಲೊಂದು. ಅದೇ ವರ್ಷದ ಕೊನೆಯಲ್ಲಿ ಬಾರ್ನ್ಸ್ ಅಂಡ್ ನೋಬಲ್ ಸಂಸ್ಥೆಯ ‘ನೂಕ್’ ಮತ್ತು ಸೋನಿಯ ‘ರೀಡರ್ ಡೈಲಿ ಎಡಿಷನ್’ ಕೂಡ ಮೊಬೈಲ್ ಸಂಪರ್ಕದೊಂದಿಗೆ ಬಂದವಾದರೂ ಅವುಗಳ ಸಂಪರ್ಕ ಮುಖ್ಯವಾಗಿ ಆಯಾ ಸಂಸ್ಥೆಯ ಪುಸ್ತಕದಂಗಡಿಗೆ ಹೋಗುವ ದಾರಿಯಾಗಿತ್ತು.

2010ರ ಆಗಸ್ಟ್‌ನಲ್ಲಿ ಬಂದ ಮೂರನೆಯ ಕಿಂಡಲ್ (ಮುಂದೆ ಇದನ್ನೇ ‘ಕಿಂಡಲ್ ಕೀಬೋರ್ಡ್’ ಎಂದು ಕರೆಯಲಾಯಿತು) ಎರಡು ರೂಪಗಳಲ್ಲಿ ಮಾರಾಟವಾಯಿತು. ವೈ-ಫೈ ಮಾತ್ರ ಇದ್ದುದಕ್ಕೆ 139 ಡಾಲರ್, ವೈ-ಫೈ ಜೊತೆಗೆ 3ಜಿ ಇದ್ದುದಕ್ಕೆ 189 ಡಾಲರ್. ನಡುವಿನ 50 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 2,300 ರೂಪಾಯಿ. ಒಮ್ಮೆ ಅದನ್ನು ಕೊಟ್ಟ ಮೇಲೆ ಮೊಬೈಲ್ ಸಂಪರ್ಕಕ್ಕೆ ಮತ್ತೆ ಹಣ ಕೊಡಬೇಕಾಗಿರಲಿಲ್ಲ. ಜನರು ಇದನ್ನು ‘ಜೀವನಪೂರ್ತಿ ಉಚಿತ ಅಂತರಜಾಲ’ ಎಂದು ಬಣ್ಣಿಸಿದರು. ಆ ಬಣ್ಣನೆ ಎಷ್ಟರ ಮಟ್ಟಿಗೆ ಸರಿ ಎಂಬುದು ಮುಂದೆ ತಿಳಿಯುತ್ತದೆ.

ಸಂಪರ್ಕದ ವೆಚ್ಚ

ಉಚಿತ ಎನ್ನುವುದು ಬಳಸುವವನ ಕಣ್ಣಿಗೆ ಮಾತ್ರ. ಮೊಬೈಲ್ ಕಂಪನಿಗೆ ಸಲ್ಲಬೇಕಾದ ದತ್ತಾಂಶದ ಶುಲ್ಕವನ್ನು ಅಮೆಜಾನ್ ಭರಿಸುತ್ತಿತ್ತು. ಆ ವೆಚ್ಚವನ್ನು ಸಾಧನದ ಬೆಲೆಯಲ್ಲಿಯೂ ಪುಸ್ತಕಗಳ ಬೆಲೆಯಲ್ಲಿಯೂ ಸೇರಿಸಲಾಗಿತ್ತು. ಅಂತರರಾಷ್ಟ್ರೀಯ ಆವೃತ್ತಿ ಬಂದ ಹೊಸದರಲ್ಲಿ ಅಮೆರಿಕದಲ್ಲಿ 9.99 ಡಾಲರ್‌ಗೆ ಸಿಗುತ್ತಿದ್ದ ಪುಸ್ತಕಕ್ಕೆ ಹೊರದೇಶದ ಗ್ರಾಹಕರು 11.99 ಡಾಲರ್ ಕೊಡಬೇಕಾಗಿದ್ದುದು ಇದಕ್ಕೆ ಉದಾಹರಣೆ.

ಒಂದು ಕಾದಂಬರಿಯ ಕಡತ ಸಾಮಾನ್ಯವಾಗಿ ಒಂದು ಮೆಗಾಬೈಟ್‌ನ ಆಸುಪಾಸಿನಲ್ಲಿರುತ್ತದೆ. ತಿಂಗಳಿಗೆ ಎರಡು ಮೂರು ಪುಸ್ತಕ ಕೊಳ್ಳುವವನಿಗಾಗಿ ಮಾರಾಟಗಾರ ತೆರಬೇಕಾದ ದತ್ತಾಂಶ ಶುಲ್ಕ ಅತ್ಯಲ್ಪ. ಆದರೆ ಅದೇ ವ್ಯಕ್ತಿ ದಿನವೂ ಸುದ್ದಿತಾಣ ಮತ್ತು ಮಿಂಚಂಚೆ ನೋಡತೊಡಗಿದರೆ ದತ್ತಾಂಶ ಹತ್ತಾರು ಪಟ್ಟು ಹೆಚ್ಚುತ್ತದೆ, ಪುಸ್ತಕದ ಮಾರಾಟ ಮಾತ್ರ ಹೆಚ್ಚುವುದಿಲ್ಲ. ಕಿಂಡಲ್‌ನ ಪಟ್ಟಿಯಲ್ಲಿ ಬ್ರೌಸರನ್ನು ‘ಪ್ರಾಯೋಗಿಕ’ ಎಂಬ ವಿಭಾಗದೊಳಗೆ ಇರಿಸಿದ್ದುದರ ಅರ್ಥವನ್ನು ಇಲ್ಲಿ ಹುಡುಕಬೇಕು. ಪ್ರಾಯೋಗಿಕ ಎಂದು ಕೊಟ್ಟದ್ದನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯುವ ಅವಕಾಶ ಕೊಟ್ಟವನಿಗೆ ಇರುತ್ತದೆ.

ಭಾರತದಲ್ಲಿ

ಎರಡನೆಯ ತಲೆಮಾರಿನ ಅಂತರರಾಷ್ಟ್ರೀಯ ಕಿಂಡಲ್ ಬಂದಾಗ ಅಮೆರಿಕದ ಹೊರಗಿನ ಹೆಚ್ಚಿನ ದೇಶಗಳಲ್ಲಿ ಬ್ರೌಸರಿಗೆ ಪೂರ್ಣ ಅವಕಾಶವಿರಲಿಲ್ಲ. ಮೂರನೆಯ ತಲೆಮಾರಿನಲ್ಲಿ ಆ ನಿರ್ಬಂಧ ಭಾರತಕ್ಕೆ ಸಡಿಲಗೊಂಡಿತು. ಆ ದಿನಗಳ ಸ್ಥಿತಿಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಬಿಎಸ್‌ಎನ್‌ಎಲ್ 2009ರಲ್ಲಿಯೇ 3ಜಿ ಸೇವೆ ಆರಂಭಿಸಿತ್ತಾದರೂ ಖಾಸಗಿ ಕಂಪನಿಗಳಿಗೆ 3ಜಿ ತರಂಗಾಂತರದ ಹರಾಜು ನಡೆದದ್ದು 2010ರ ಏಪ್ರಿಲ್–ಮೇ ತಿಂಗಳುಗಳಲ್ಲಿ. ಕರ್ನಾಟಕ ವೃತ್ತದ ತರಂಗಾಂತರ ಏರ್‌ಟೆಲ್, ಏರ್‌ಸೆಲ್ ಮತ್ತು ಟಾಟಾ ಕಂಪನಿಗಳಿಗೆ ದೊರೆಯಿತು. ಏರ್‌ಟೆಲ್ ಬೆಂಗಳೂರಿನಲ್ಲಿ 3ಜಿ ಆರಂಭಿಸಿದ್ದು 2011ರ ಜನವರಿಯಲ್ಲಿ. ಅಂದರೆ 3ಜಿ ಎಂಬ ಹೆಸರಿನ ಕಿಂಡಲ್ ಕನ್ನಡನಾಡಿನ ಓದುಗರ ಕೈಸೇರಿದಾಗ ನಾಡಿನ ಬಹುಭಾಗದಲ್ಲಿ 3ಜಿ ಜಾಲವೇ ಇರಲಿಲ್ಲ.

ಆದರೂ ಸಾಧನ ಕೆಲಸ ಮಾಡುತ್ತಿತ್ತು. 3ಜಿ ಸಿಗದ ಕಡೆ ಅದು ತಾನಾಗಿಯೇ ಎಡ್ಜ್ ಅಥವಾ ಜಿಪಿಆರ್‌ಎಸ್ ಎಂಬ ಹಳೆಯ, ನಿಧಾನಗತಿಯ ವಿಧಾನಕ್ಕೆ ಇಳಿಯುತ್ತಿತ್ತು. ಪರದೆಯ ಮೇಲ್ಭಾಗದಲ್ಲಿ ಸಂಕೇತದ ಗೆರೆಗಳ ಪಕ್ಕದಲ್ಲಿ ಯಾವ ವಿಧಾನ ಎಂಬುದು ಕಾಣುತ್ತಿತ್ತು. ಚಿತ್ರಗಳಿಲ್ಲದ ಬರಿಯ ಅಕ್ಷರದ ಪುಟಕ್ಕೆ ಆ ವೇಗವೂ ಸಾಕಾಗುತ್ತಿತ್ತು.

ಹಳ್ಳಿಗಾಡಿನ ಓದುಗನಿಗೆ ಇದರಲ್ಲಿ ಇದ್ದ ಅನುಕೂಲವನ್ನು ಕಡೆಗಣಿಸುವಂತಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಂಗಮಕೋಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿನ ವಿದ್ಯಾರ್ಥಿಯೊಬ್ಬ ಪಠ್ಯದ ಹೊರಗಿನ ಒಂದು ಇಂಗ್ಲಿಷ್ ಪುಸ್ತಕ ಕೊಳ್ಳಬೇಕೆಂದರೆ ಸುಮಾರು ಐವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಸ್ಸು ಹತ್ತಬೇಕು, ಇಲ್ಲವೇ ಅಂಚೆಗೆ ಕಾಯಬೇಕು. ಅಂತಹ ಕಡೆ ಗಣಕಯಂತ್ರವಿಲ್ಲದೆ, ತಂತಿಯ ಬ್ರಾಡ್‌ಬ್ಯಾಂಡ್ ಇಲ್ಲದೆ, ಮೊಬೈಲ್ ಗೋಪುರವೊಂದರ ನೆರವಿನಿಂದ ನಿಮಿಷದೊಳಗೆ ಪುಸ್ತಕ ಇಳಿಯುವುದು ದೊಡ್ಡ ಮಾತೇ ಆಗಿತ್ತು. ವಿದ್ಯುತ್ ಕಡಿತದ ಊರುಗಳಲ್ಲಿ ಬ್ಯಾಟರಿಯ ಬಾಳಿಕೆಯೂ ಅಷ್ಟೇ ಮುಖ್ಯ. ತಯಾರಕರ ಹೇಳಿಕೆಯಂತೆ ಮೂರನೆಯ ಕಿಂಡಲ್‌ನ ಸಂಪರ್ಕವನ್ನು ಆರಿಸಿಟ್ಟರೆ ಒಂದು ತಿಂಗಳವರೆಗೆ, 3ಜಿ ಸಂಪರ್ಕವನ್ನು ತೆರೆದೇ ಇಟ್ಟರೆ ಹತ್ತು ದಿನಗಳವರೆಗೆ ಮರುಚಾರ್ಜ್ ಬೇಕಾಗುತ್ತಿರಲಿಲ್ಲ. ಗೋಪುರದಿಂದ ದೂರವಿದ್ದು ಸಂಕೇತ ದುರ್ಬಲವಾದಲ್ಲಿ ಸಾಧನ ಮತ್ತೆ ಮತ್ತೆ ಜಾಲವನ್ನು ಹುಡುಕುವುದರಿಂದ ಈ ಅವಧಿ ಕುಗ್ಗುತ್ತದೆ. ಆದ್ದರಿಂದ ಅಂಚೆ ನೋಡಿದ ಮೇಲೆ ಸಂಪರ್ಕವನ್ನು ಆರಿಸಿಡುವುದು ವಾಡಿಕೆಯಾಗಿತ್ತು.

ಸಾಧನದ ಬೆಲೆ ಮಾತ್ರ ಅಂತಹ ವಿದ್ಯಾರ್ಥಿಯ ಕೈಗೆಟುಕುವಂತಿರಲಿಲ್ಲ ಎಂಬುದನ್ನೂ ಹೇಳಬೇಕು. 2012ರ ಆಗಸ್ಟ್‌ನಲ್ಲಿ ಅಮೆಜಾನ್ ಭಾರತಕ್ಕೆಂದೇ ಕಿಂಡಲ್ ಮಳಿಗೆ ತೆರೆದು, ಕ್ರೋಮಾ ಅಂಗಡಿಗಳ ಮೂಲಕ ವೈ-ಫೈ ಕಿಂಡಲನ್ನು 6,999 ರೂಪಾಯಿಗೆ ಮಾರಲಾರಂಭಿಸಿತು. ಅದಕ್ಕೆ ಮುನ್ನ ವಿದೇಶದಿಂದ ಸುಂಕ ತೆತ್ತು ತರಿಸಿಕೊಳ್ಳಬೇಕಿತ್ತು, ಇಲ್ಲವೇ ಅಮೆರಿಕದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಅದು ಬರಬೇಕಿತ್ತು.

ಬ್ರೌಸರ್ ಮತ್ತು ಪರದೆ

ಮೊದಲ ಎರಡು ಕಿಂಡಲ್‌ಗಳ ಬ್ರೌಸರ್ ನೆಟ್‌ಫ್ರಂಟ್ ಎಂಬ ತಂತ್ರಾಂಶವನ್ನು ಆಧರಿಸಿತ್ತು. ಅದು ಪುಟದ ಅಕ್ಷರಗಳನ್ನು ಮಾತ್ರ ಉಳಿಸಿ ಉಳಿದುದನ್ನು ಕೈಬಿಡುವ ಸರಳ ವಿಧಾನವನ್ನೇ ನೆಚ್ಚಿಕೊಂಡಿತ್ತು. ಮೂರನೆಯ ಕಿಂಡಲ್‌ಗೆ ವೆಬ್‌ಕಿಟ್ ಆಧಾರಿತ ಬ್ರೌಸರ್ ಬಂದಿತು. ಇದರಲ್ಲಿ ಪುಟವನ್ನು ಇದ್ದ ಹಾಗೆಯೇ ತೋರಿಸುವ ವಿಧಾನದ ಜೊತೆಗೆ, ಜಾಹೀರಾತು ಮತ್ತು ಪಕ್ಕದ ಪಟ್ಟಿಗಳನ್ನು ಬಿಟ್ಟು ಲೇಖನದ ಭಾಗವನ್ನಷ್ಟೇ ಒಂದು ಅಂಕಣದಲ್ಲಿ ಜೋಡಿಸಿ ಕೊಡುವ ‘ಆರ್ಟಿಕಲ್ ಮೋಡ್’ ಇತ್ತು. ಓದುವ ಸಾಧನಕ್ಕೆ ತಕ್ಕ ಸೌಲಭ್ಯವೆಂದರೆ ಇದೇ.

ಬ್ರೌಸರಿನ ವರ್ತನೆಯನ್ನು ತಿಳಿಯಬೇಕಾದರೆ ಪರದೆಯ ಸ್ವಭಾವ ತಿಳಿದಿರಬೇಕು. ಇ-ಇಂಕ್ ಪರದೆಯಲ್ಲಿ ಕೂದಲೆಳೆಯ ದಪ್ಪದಷ್ಟು ಗಾತ್ರದ ಅಸಂಖ್ಯ ಸೂಕ್ಷ್ಮ ಕೋಶಗಳಿರುತ್ತವೆ. ಪ್ರತಿ ಕೋಶದೊಳಗಿನ ದ್ರವದಲ್ಲಿ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತಿರುತ್ತವೆ. ಅವುಗಳಿಗೆ ವಿರುದ್ಧ ವಿದ್ಯುದಾವೇಶವಿರುವುದರಿಂದ ವಿದ್ಯುತ್ ಹಾಯಿಸಿದಾಗ ಒಂದು ಬಣ್ಣದ ಕಣಗಳು ಮೇಲಕ್ಕೂ ಇನ್ನೊಂದು ಬಣ್ಣದವು ಕೆಳಕ್ಕೂ ಸರಿಯುತ್ತವೆ. ಒಮ್ಮೆ ಸರಿದು ನಿಂತ ಮೇಲೆ ಅಲ್ಲಿಯೇ ಉಳಿಯಲು ವಿದ್ಯುತ್ ಬೇಕಿಲ್ಲ. ಬ್ಯಾಟರಿ ವಾರಗಟ್ಟಲೆ ಬರುವುದಕ್ಕೂ ಬಿಸಿಲಿನಲ್ಲಿ ಕಾಗದದಂತೆ ಓದಲಾಗುವುದಕ್ಕೂ ಇದೇ ಕಾರಣ. ಆದರೆ ಕಣಗಳು ದ್ರವದಲ್ಲಿ ಚಲಿಸಬೇಕಾದ್ದರಿಂದ ಚಿತ್ರ ಬದಲಾಗಲು ಸಮಯ ಹಿಡಿಯುತ್ತದೆ. ಪುಟ ಬದಲಾದಾಗ ಪರದೆ ಒಮ್ಮೆ ಕಪ್ಪಾಗಿ ಮಿನುಗುವುದು ಹಿಂದಿನ ಅಕ್ಷರಗಳ ನೆರಳನ್ನು ಅಳಿಸುವುದಕ್ಕಾಗಿ. ಹಾಗಾಗಿ ದೂರವಾಣಿಯಲ್ಲಿ ಮಾಡುವಂತೆ ಪುಟವನ್ನು ನಯವಾಗಿ ಸರಿಸುವುದು ಇಲ್ಲಿ ಸಾಧ್ಯವಿಲ್ಲ. ಪರದೆಯಷ್ಟು ಭಾಗವನ್ನು ಒಂದೊಂದೇ ಜಿಗಿತದಲ್ಲಿ ದಾಟಬೇಕು. ಚಲನಚಿತ್ರ ಅಸಾಧ್ಯ. ಬಣ್ಣದ ಬದಲು ಬೂದಿಯ 16 ಛಾಯೆಗಳಿರುತ್ತವೆ. ಕೆಂಪಕ್ಷರದಲ್ಲಿ ಬರುವ ಎಚ್ಚರಿಕೆಯೂ ಸುತ್ತಲಿನ ಕಪ್ಪಕ್ಷರದೊಳಗೆ ಬೆರೆತುಹೋಗುತ್ತದೆ.

ಸ್ಪರ್ಶಪರದೆ ಇಲ್ಲದ ಆ ಮಾದರಿಯಲ್ಲಿ ಐದು ದಿಕ್ಕಿನ ಗುಂಡಿಯಿಂದ ಸೂಚಿಯನ್ನು ಒಂದು ಕೊಂಡಿಯಿಂದ ಇನ್ನೊಂದಕ್ಕೆ ನಡೆಸಬೇಕಾಗಿತ್ತು. ಕೀಲಿಮಣೆಯಲ್ಲಿ ಅಂಕಿಗಳ ಸಾಲು ಇರಲಿಲ್ಲ. ಆಲ್ಟ್ ಕೀಲಿಯೊಂದಿಗೆ ಮೇಲಿನ ಸಾಲಿನ ಅಕ್ಷರಗಳನ್ನು ಒತ್ತಿದರೆ ಕ್ರಮವಾಗಿ ಒಂದರಿಂದ ಸೊನ್ನೆಯವರೆಗಿನ ಅಂಕಿಗಳು ಮೂಡುತ್ತಿದ್ದವು. ಮಿಂಚಂಚೆ ವಿಳಾಸಕ್ಕೆ ಬೇಕಾದ ‘ಅಟ್’ ಚಿಹ್ನೆಯನ್ನು ‘ಸಿಮ್’ ಎಂದು ಗುರುತಿಸಿದ ಕೀಲಿ ಒತ್ತಿ ಚಿಹ್ನೆಗಳ ಪಟ್ಟಿಯಿಂದ ಆರಿಸಬೇಕಾಗಿತ್ತು. (ಈ ‘ಸಿಮ್’ ಚಿಹ್ನೆ ಎಂಬುದರ ಇಂಗ್ಲಿಷ್ ಪದದ ಮೊಟಕು ರೂಪ, ಮೊಬೈಲಿನ ಸಿಮ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ.) ನೆರಳು ಉಳಿದು ಪುಟ ಮಸುಕಾದರೆ ಆಲ್ಟ್ ಮತ್ತು ಜಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಪರದೆಯನ್ನು ಶುಚಿಗೊಳಿಸಬಹುದಾಗಿತ್ತು. ಬ್ರೌಸರಿನ ಆಯ್ಕೆಗಳಲ್ಲಿ ಚಿತ್ರಗಳನ್ನೂ ಜಾವಾಸ್ಕ್ರಿಪ್ಟನ್ನೂ ಆರಿಸುವ ಅವಕಾಶವಿತ್ತು. ಎಡ್ಜ್ ಜಾಲದಲ್ಲಿ ಪುಟ ಬೇಗ ತೆರೆಯಬೇಕಾದರೆ ಈ ಎರಡನ್ನೂ ಆರಿಸುವುದೇ ಉಪಾಯ.

ಮಿಂಚಂಚೆ

ಕಿಂಡಲ್‌ನಲ್ಲಿ ಮಿಂಚಂಚೆಗೆಂದೇ ಪ್ರತ್ಯೇಕ ತಂತ್ರಾಂಶ ಇರಲಿಲ್ಲ. ಬ್ರೌಸರಿನಲ್ಲಿ ಜಿಮೇಲ್ ಮೊದಲಾದ ಸೇವೆಗಳ ಸರಳ ಅಥವಾ ಮೊಬೈಲ್ ಪುಟವನ್ನು ತೆರೆದು ಗುಪ್ತಪದ ನೀಡಿ ಒಳಹೋಗಬೇಕಾಗಿತ್ತು. ಬಂದ ಪತ್ರಗಳನ್ನು ಓದುವುದು, ನಾಲ್ಕು ಸಾಲಿನ ಉತ್ತರ ಬರೆಯುವುದು ಸುಲಭ. ದೀರ್ಘ ಪತ್ರ ಬರೆಯುವುದು ಬೆರಳಿಗೂ ತಾಳ್ಮೆಗೂ ಶ್ರಮ. ಲಗತ್ತಿಸಿದ ಕಡತಗಳನ್ನು ತೆರೆಯುವುದು ಬಹುಮಟ್ಟಿಗೆ ಆಗುತ್ತಿರಲಿಲ್ಲ. ಬ್ರೌಸರ್ ಕಿಂಡಲ್‌ನ ಪುಸ್ತಕ ರೂಪದ ಕಡತಗಳನ್ನೂ ಸಾದಾ ಪಠ್ಯವನ್ನೂ ಮಾತ್ರ ಇಳಿಸಿಕೊಳ್ಳುತ್ತಿತ್ತು. ಹೊಸ ಪತ್ರ ಬಂದರೆ ಎಚ್ಚರಿಸುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಬೇಕೆಂದಾಗ ತಾನೇ ಹೋಗಿ ನೋಡಬೇಕು. ಅಂಚೆಪೆಟ್ಟಿಗೆಯ ಬಳಿಗೆ ದಿನಕ್ಕೊಮ್ಮೆ ಹೋಗುವ ಹಳೆಯ ಕ್ರಮಕ್ಕೆ ಇದು ಹತ್ತಿರ.

ಇದಕ್ಕಿಂತ ಬೇರೆಯಾದ, ಹಲವರು ಇದರೊಂದಿಗೆ ಗೊಂದಲಿಸಿಕೊಳ್ಳುವ ಇನ್ನೊಂದು ವ್ಯವಸ್ಥೆಯಿದೆ. ಪ್ರತಿ ಕಿಂಡಲ್‌ಗೂ ನೋಂದಣಿಯ ಸಮಯದಲ್ಲಿ ಒಂದು ಮಿಂಚಂಚೆ ವಿಳಾಸ ದೊರೆಯುತ್ತದೆ. ಆ ವಿಳಾಸಕ್ಕೆ ಯಾರಾದರೂ ಕಡತವೊಂದನ್ನು ಲಗತ್ತಿಸಿ ಕಳುಹಿಸಿದರೆ ಅದು ನೇರವಾಗಿ ಸಾಧನದ ಪುಸ್ತಕಗಳ ಪಟ್ಟಿಯಲ್ಲಿ ಬಂದು ಕೂರುತ್ತದೆ. ಪತ್ರದ ಒಕ್ಕಣೆ ಕಾಣಿಸುವುದಿಲ್ಲ, ಉತ್ತರಿಸಲೂ ಬರುವುದಿಲ್ಲ. ಇದು ಕಡತ ಸಾಗಿಸುವ ದಾರಿಯೇ ಹೊರತು ಅಂಚೆಯಲ್ಲ. ಹೀಗೆ ಬಂದ ಕಡತ ಮೊಬೈಲ್ ಜಾಲದ ಮೂಲಕ ಇಳಿದರೆ ಶುಲ್ಕವಿತ್ತು: ಅಮೆರಿಕದೊಳಗೆ ಪ್ರತಿ ಮೆಗಾಬೈಟ್‌ಗೆ 15 ಸೆಂಟ್, ಹೊರಗೆ 99 ಸೆಂಟ್. ವಿಳಾಸದ ನಡುವೆ ‘ಫ್ರೀ’ ಎಂಬ ಪದ ಸೇರಿಸಿ ಕಳುಹಿಸಿದರೆ ಕಡತ ವೈ-ಫೈ ಸಿಕ್ಕಾಗ ಮಾತ್ರ ಉಚಿತವಾಗಿ ಇಳಿಯುತ್ತಿತ್ತು. ಬ್ರೌಸರಿನಲ್ಲಿ ನೂರು ಪುಟ ನೋಡಿದರೂ ಹಣ ಕೇಳದ ಸಾಧನ, ತನ್ನದೇ ಕಡತವನ್ನು ತರಿಸಿಕೊಂಡರೆ ಮೆಗಾಬೈಟ್ ಲೆಕ್ಕದಲ್ಲಿ ಹಣ ಕೇಳುತ್ತಿದ್ದುದು ವಿಚಿತ್ರವಾಗಿ ಕಾಣುತ್ತದೆ. ಅಪರಿಚಿತರು ಕಳುಹಿಸಿದ ಕಡತಗಳು ಬಂದು ತುಂಬದಂತೆ ಒಡೆಯ ಮೊದಲೇ ಒಪ್ಪಿದ ವಿಳಾಸಗಳಿಂದ ಬಂದುದನ್ನು ಮಾತ್ರ ಸ್ವೀಕರಿಸುವ ನಿಯಮವನ್ನು ಮಾಡಲಾಗಿತ್ತು. ಆ ನಿಯಮ ಈಗಲೂ ಇದೆ.

ಕನ್ನಡ ಲಿಪಿಯ ತೊಡಕು

ಮೂರನೆಯ ಕಿಂಡಲ್‌ನಲ್ಲಿ ರಷ್ಯನ್, ಚೀನೀ, ಜಪಾನೀ ಮತ್ತು ಕೊರಿಯನ್ ಲಿಪಿಗಳ ಫಾಂಟುಗಳಿದ್ದವು. ಕನ್ನಡದ ಫಾಂಟು ಇರಲಿಲ್ಲ. ಕನ್ನಡ ವಿಕಿಪೀಡಿಯವನ್ನೋ ಕನ್ನಡ ಸುದ್ದಿತಾಣವನ್ನೋ ತೆರೆದರೆ ಅಕ್ಷರವಿರಬೇಕಾದ ಜಾಗದಲ್ಲಿ ಖಾಲಿ ಚೌಕಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಪುಟ ಬಂದಿದೆ, ಸಂಪರ್ಕ ಸರಿಯಿದೆ, ಓದಲು ಏನೂ ಇಲ್ಲ.

ಫಾಂಟು ಸೇರಿಸಿದರೆ ಸಮಸ್ಯೆ ಮುಗಿಯುತ್ತದೆಯೆಂದು ಹಲವರು ಭಾವಿಸಿದ್ದರು. ಆದರೆ ಭಾರತೀಯ ಲಿಪಿಗಳಿಗೆ ಫಾಂಟು ಒಂದೇ ಸಾಲದು. ಕನ್ನಡವು ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೂ, ಅಂದರೆ 1991ರಿಂದಲೂ, ಅದರಲ್ಲಿ ಸೇರಿದೆ. ಯೂನಿಕೋಡ್ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಸಂಗ್ರಹಿಸುತ್ತದೆ. ‘ಶಿಡ್ಲಘಟ್ಟ’ ಎಂಬ ಊರಿನ ಹೆಸರಿನಲ್ಲಿ ಡಕಾರ, ವಿರಾಮ ಚಿಹ್ನೆ, ಲಕಾರ ಎಂಬ ಮೂರು ಸಂಕೇತಗಳು ಒಂದರ ಹಿಂದೆ ಒಂದು ಇರುತ್ತವೆ. ಲಕಾರವನ್ನು ಒತ್ತಕ್ಷರವಾಗಿಸಿ ಡಕಾರದ ಕೆಳಗೆ ಕೂರಿಸುವ ಕೆಲಸ ತೆರೆಯ ಮೇಲೆ ತೋರಿಸುವ ತಂತ್ರಾಂಶದ್ದು. ಆ ಜೋಡಣೆ ಬಾರದ ತಂತ್ರಾಂಶಕ್ಕೆ ಕನ್ನಡದ ಫಾಂಟು ಕೊಟ್ಟರೂ ಅದು ‘ಶಿಡ್‌ಲಘಟ್‌ಟ’ ಎಂದು ಬಿಡಿಬಿಡಿಯಾಗಿ ಬರೆಯುತ್ತದೆ. ‘ಜಂಗಮಕೋಟೆ’ಯ ‘ಕೋ’ ಅಕ್ಷರದಲ್ಲಿ ಒಂದೇ ಸ್ವರಚಿಹ್ನೆ ಮೂರು ತುಂಡಾಗಿ ವ್ಯಂಜನದ ಮೇಲೆ ಮತ್ತು ಬಲಕ್ಕೆ ಹಂಚಿಕೊಳ್ಳುತ್ತದೆ. ಇದನ್ನೂ ತಂತ್ರಾಂಶವೇ ಮಾಡಬೇಕು. ಇಂಗ್ಲಿಷಿನಂತೆ ಅಕ್ಷರಗಳನ್ನು ಎಡದಿಂದ ಬಲಕ್ಕೆ ಒಂದರ ಪಕ್ಕ ಒಂದು ಇಡುತ್ತ ಹೋದರೆ ಸಾಕಾಗುವ ಲಿಪಿ ನಮ್ಮದಲ್ಲ.

ಮಿಂಚಂಚೆಯಲ್ಲಿ ಇನ್ನೂ ಒಂದು ಪದರದ ತೊಡಕು ಸೇರಿಕೊಂಡಿತ್ತು. ಆ ಕಾಲದಲ್ಲಿ ಕನ್ನಡದ ಎಷ್ಟೋ ಕಡತಗಳು ಯೂನಿಕೋಡ್‌ನಲ್ಲಿರಲಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತ ಪದ್ಧತಿಯಲ್ಲಿ ಬೆರಳಚ್ಚಾದ ಪಠ್ಯಕ್ಕೆ ಅದರದೇ ಫಾಂಟು ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆದ್ದರಿಂದ ವಿದೇಶದಲ್ಲಿರುವ ಮಕ್ಕಳೂ ಊರಿನ ಹಿರಿಯರೂ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವ ರೂಢಿಗೆ ಬಿದ್ದರು. ಕಿಂಡಲ್‌ನಲ್ಲಿ ಓದಲು ಸಾಧ್ಯವಿದ್ದ ಕನ್ನಡ ಪತ್ರ ಎಂದರೆ ಇಂತಹುದೇ. ‘ಊಟ ಆಯಿತೇ’ ಎಂಬಷ್ಟಕ್ಕೆ ಅದು ಸಾಕು, ಆದರೆ ಅಲ್ಪಪ್ರಾಣ ಮಹಾಪ್ರಾಣ, ಲ–ಳ, ನ–ಣಗಳ ವ್ಯತ್ಯಾಸ ಉಳಿಯದ ಆ ಬರಹದಲ್ಲಿ ನಾಲ್ಕು ಪುಟದ ಪತ್ರ ಓದುವುದು ಶಿಕ್ಷೆಯೇ ಸರಿ.

ಇದೇ ಸಮಯದಲ್ಲಿ ಸಾಮಾನ್ಯ ಕೀಲಿಮಣೆಯ ದೂರವಾಣಿಗಳಲ್ಲಿ ಓಪೆರಾ ಮಿನಿ ಬ್ರೌಸರ್ ಒಂದು ಜಾಣ ದಾರಿ ಕಂಡುಕೊಂಡಿತ್ತು. ವಿಳಾಸದ ಜಾಗದಲ್ಲಿ ‘ಓಪೆರಾ ಕಾನ್ಫಿಗ್’ ಎಂಬ ಆಜ್ಞೆ ಬರೆದು ಸಂಕೀರ್ಣ ಲಿಪಿಗಳನ್ನು ಚಿತ್ರವಾಗಿ ತೋರಿಸುವ ಆಯ್ಕೆಯನ್ನು ಒಪ್ಪಿಕೊಂಡರೆ, ಕಂಪನಿಯ ಸರ್ವರೇ ಕನ್ನಡದ ಸಾಲುಗಳನ್ನು ಜೋಡಿಸಿ ಚಿತ್ರವನ್ನಾಗಿ ಮಾಡಿ ದೂರವಾಣಿಗೆ ಕಳುಹಿಸುತ್ತಿತ್ತು. ಓದುವುದಕ್ಕೆಂದೇ ಹುಟ್ಟಿದ ಸಾಧನ ಚೌಕಗಳನ್ನು ತೋರುತ್ತಿದ್ದಾಗ, ಮಾತಾಡಲೆಂದು ಕೊಂಡ ಅಗ್ಗದ ದೂರವಾಣಿ ಕನ್ನಡ ಓದಿಸುತ್ತಿತ್ತು.

ಕಿಂಡಲ್‌ನಲ್ಲಿ ಕನ್ನಡಕ್ಕೆ ಉಳಿದ ದಾರಿ ಪಿಡಿಎಫ್. ಪಿಡಿಎಫ್ ಕಡತದಲ್ಲಿ ಫಾಂಟು ಮತ್ತು ಅಕ್ಷರಗಳ ಸ್ಥಾನ ಎರಡೂ ಅಡಕವಾಗಿರುವುದರಿಂದ ಸಾಧನಕ್ಕೆ ಕನ್ನಡ ತಿಳಿದಿರಬೇಕಾಗಿಲ್ಲ. ಆದರೆ ಅದರ ಅಕ್ಷರವನ್ನು ಹಿಗ್ಗಿಸಲಾಗುವುದಿಲ್ಲ. ಎ-4 ಅಳತೆಯ ಪುಟವನ್ನು ಆರು ಇಂಚಿನ ಪರದೆಗೆ ಕುಗ್ಗಿಸಿದಾಗ ಒತ್ತಕ್ಷರಗಳು ಇರುವೆಯ ಸಾಲಿನಂತಾಗುತ್ತವೆ. ಇದಕ್ಕೆ ಪರಿಹಾರವೆಂದರೆ ಕಡತ ಸಿದ್ಧಪಡಿಸುವಾಗಲೇ ಪುಟದ ಅಳತೆಯನ್ನು ಪರದೆಯಷ್ಟು, ಅಂದರೆ ಸುಮಾರು 9 ಸೆಂಟಿಮೀಟರ್ ಅಗಲ ಮತ್ತು 12 ಸೆಂಟಿಮೀಟರ್ ಎತ್ತರಕ್ಕೆ, ಇರಿಸಿಕೊಂಡು ಅಂಚುಗಳನ್ನು ಕಿರಿದಾಗಿಸುವುದು. ಹಾಗೆ ಮಾಡಿದ ಕಡತವನ್ನು ಕಿಂಡಲ್ ವಿಳಾಸಕ್ಕೆ ಕಳುಹಿಸುವಾಗ ವಿಷಯದ ಸಾಲಿನಲ್ಲಿ ‘ಕನ್ವರ್ಟ್’ ಎಂದು ಬರೆಯಬಾರದು. ಬರೆದರೆ ಪಿಡಿಎಫ್ ಕಿಂಡಲ್‌ನ ಸ್ವಂತ ರೂಪಕ್ಕೆ ಬದಲಾಗಿ ಕನ್ನಡ ಮತ್ತೆ ಕೆಡುತ್ತದೆ.

ಭಾರತದಲ್ಲಿಯೇ ರೂಪುಗೊಂಡ ಪ್ರಯತ್ನಗಳೂ ಇದ್ದವು. ಅಹಮದಾಬಾದಿನ ಇನ್ಫಿಬೀಮ್ ಸಂಸ್ಥೆ 2010ರಲ್ಲಿ ‘ಪೈ’ ಎಂಬ ಇ-ರೀಡರನ್ನು 9,999 ರೂಪಾಯಿಗೆ ತಂದು, ಭಾರತೀಯ ಭಾಷೆಗಳನ್ನು ತೋರಿಸುವುದೇ ಅದರ ವಿಶೇಷವೆಂದು ಸಾರಿತು. ಅದರಲ್ಲಿ ಮೊಬೈಲ್ ಸಂಪರ್ಕವಿರಲಿಲ್ಲ. ಹೀಗೆ ಭಾಷೆಯಿದ್ದಲ್ಲಿ ಸಂಪರ್ಕವಿಲ್ಲ, ಸಂಪರ್ಕವಿದ್ದಲ್ಲಿ ಭಾಷೆಯಿಲ್ಲ ಎಂಬಂತಾಯಿತು.

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳ ಪುಸ್ತಕಗಳನ್ನು ಕಿಂಡಲ್ ಮಳಿಗೆಗೆ ಸೇರಿಸಿತು. ಕನ್ನಡವೂ ತೆಲುಗೂ ಆ ಪಟ್ಟಿಯಲ್ಲಿರಲಿಲ್ಲ. ಆಂಧ್ರದ ಗಡಿಗೆ ಹತ್ತಿರವಿರುವ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ತಾಲ್ಲೂಕುಗಳಲ್ಲಿ ಶಾಲೆಯಲ್ಲಿ ಕನ್ನಡ ಕಲಿತು ಮನೆಯಲ್ಲಿ ತೆಲುಗು ಆಡುವ ಕುಟುಂಬಗಳು ಬಹಳ. ಅಂತಹ ಮನೆಯವರಿಗೆ ತಮ್ಮ ಎರಡು ಭಾಷೆಗಳೂ ಇಲ್ಲದ ಸಾಧನ ಅದಾಗಿತ್ತು.

ಮಿತಿ ಮತ್ತು ಹಿಂತೆಗೆತ

ಮೊದಲ ಹಿಡಿತ 2011ರಲ್ಲಿ ಬಿಗಿಯಾಯಿತು. ಆ ವರ್ಷ ಪ್ರಕಟವಾದ ‘ಕಿಂಡಲ್ ಟಚ್’ನ 3ಜಿ ಮಾದರಿಯಲ್ಲಿ ಮೊಬೈಲ್ ಜಾಲದ ಮೂಲಕ ಕಿಂಡಲ್ ಮಳಿಗೆ ಮತ್ತು ವಿಕಿಪೀಡಿಯ ಮಾತ್ರ ತೆರೆಯುತ್ತಿದ್ದವು. ಉಳಿದ ತಾಣಗಳಿಗೆ ವೈ-ಫೈ ಬೇಕಾಗಿತ್ತು. 2012ರ ‘ಪೇಪರ್‌ವೈಟ್’ ಕೂಡ ಇದನ್ನೇ ಅನುಸರಿಸಿತು. ಅಲ್ಲಿಗೆ ಹೊಸ ಸಾಧನಗಳಲ್ಲಿ ಮೊಬೈಲ್ ಜಾಲದ ಮಿಂಚಂಚೆ ಮುಗಿದಂತಾಯಿತು.

ಹಳೆಯ ಕಿಂಡಲ್ ಕೀಬೋರ್ಡ್ ಇಟ್ಟುಕೊಂಡವರ ಸರದಿ 2012ರ ಜುಲೈ ಹೊತ್ತಿಗೆ ಬಂದಿತು. ತಿಂಗಳಿಗೆ 50 ಮೆಗಾಬೈಟ್ ಮೀರಿದರೆ ಮೊಬೈಲ್ ಜಾಲದಲ್ಲಿ ಬೇರೆ ತಾಣಗಳು ತೆರೆಯವು, ವೈ-ಫೈ ಬಳಸಿರಿ ಎಂಬ ಸೂಚನೆ ಕೆಲವರ ಪರದೆಯಲ್ಲಿ ಕಾಣಿಸಿಕೊಂಡಿತು. ಮಳಿಗೆಗೂ ವಿಕಿಪೀಡಿಯಕ್ಕೂ ಈ ಮಿತಿ ಅನ್ವಯಿಸಲಿಲ್ಲ. ಅಕ್ಷರದ ಪುಟಗಳನ್ನಷ್ಟೇ ಓದುವವನಿಗೆ 50 ಮೆಗಾಬೈಟ್ ಕಡಿಮೆಯೇನಲ್ಲ. ಆದರೆ ಕೆಲವರು ತಂತ್ರಾಂಶವನ್ನು ತಿದ್ದಿ ಕಿಂಡಲ್‌ನ ಸಂಪರ್ಕವನ್ನು ಗಣಕಯಂತ್ರಕ್ಕೆ ಹಾಯಿಸಿಕೊಂಡು ಬೇಕಾದಷ್ಟು ಬಳಸುತ್ತಿದ್ದರು. ಓದುವವರಿಗೆ ಕೊಟ್ಟ ನೀರನ್ನು ಗದ್ದೆಗೆ ತಿರುಗಿಸಿಕೊಂಡಂತೆ ಇದು.

ಬಳಿಕ ಜಾಲಗಳೇ ಮುಚ್ಚತೊಡಗಿದವು. ಭಾರತದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ 4ಜಿ ಆರಂಭವಾದ ಮೇಲೆ ಮೊಬೈಲ್ ದತ್ತಾಂಶದ ಬೆಲೆ ಕುಸಿದು, 3ಜಿಗೆ ಮೀಸಲಾಗಿದ್ದ ತರಂಗಾಂತರವನ್ನು 4ಜಿಗೆ ಬಳಸುವುದು ಲಾಭದಾಯಕವಾಯಿತು. ಏರ್‌ಟೆಲ್ 2019–20ರಲ್ಲಿ ತನ್ನ 3ಜಿ ಸೇವೆಯನ್ನು ಹಂತಹಂತವಾಗಿ ನಿಲ್ಲಿಸಿತು. ಅಮೆರಿಕದಲ್ಲಿ ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ಜಾಲವನ್ನು ಮುಚ್ಚಿತು. ಇದನ್ನು ಮುಂದಾಗಿ ತಿಳಿಸಿ ಅಮೆಜಾನ್ 2021ರಲ್ಲಿ ಗ್ರಾಹಕರಿಗೆ ಪತ್ರ ಕಳುಹಿಸಿತ್ತು. ವೈ-ಫೈ ಇಲ್ಲದ ಮೊದಲ ಮತ್ತು ಎರಡನೆಯ ತಲೆಮಾರಿನ ಕಿಂಡಲ್‌ಗಳೂ ಕಿಂಡಲ್ ಡಿಎಕ್ಸ್ ಕೂಡ ಅಲ್ಲಿ ಹೊರಜಗತ್ತಿನಿಂದ ಸಂಪೂರ್ಣ ಕಡಿದುಹೋದವು. 2021ರ ಪೇಪರ್‌ವೈಟ್ ಮೊಬೈಲ್ ಸಂಪರ್ಕದ ಆಯ್ಕೆಯೇ ಇಲ್ಲದೆ ಬಂದಿತು.

ಇಂದಿನ ಸ್ಥಿತಿ

ಹಳೆಯ ಕಿಂಡಲ್ ಕೀಬೋರ್ಡ್ ಕೈಗೆ ಸಿಕ್ಕಿ, ಅದನ್ನು ವೈ-ಫೈಗೋ ದೂರವಾಣಿಯ ಹಾಟ್‌ಸ್ಪಾಟ್‌ಗೋ ಜೋಡಿಸಿದರೂ ಬ್ರೌಸರ್ ಹೆಚ್ಚಿನ ತಾಣಗಳನ್ನು ತೆರೆಯುವುದಿಲ್ಲ. ತಾಣಗಳು ಈಗ ಬಳಸುವ ಗೂಢಲಿಪೀಕರಣದ ಹೊಸ ವಿಧಾನಗಳು ಆ ಬ್ರೌಸರಿಗೆ ತಿಳಿದಿಲ್ಲ. 2015ರಲ್ಲಿ ವಿಕಿಪೀಡಿಯವೇ ಪೂರ್ಣವಾಗಿ ಸುರಕ್ಷಿತ ಸಂಪರ್ಕಕ್ಕೆ ಬದಲಾಯಿತು. ಕಿಂಡಲ್‌ನಂತಹ ದುರ್ಬಲ ಬ್ರೌಸರುಗಳಿಗೆ ಆಸರೆಯಾಗಿದ್ದ ಜಿಮೇಲ್‌ನ ಸರಳ ರೂಪವನ್ನು ಗೂಗಲ್ 2024ರ ಆರಂಭದಲ್ಲಿ ಕೊನೆಗೊಳಿಸಿತು. ಇದಲ್ಲದೆ 2012 ಮತ್ತು ಅದಕ್ಕೆ ಹಿಂದಿನ ಕಿಂಡಲ್‌ಗಳು 2016ರ ಮಾರ್ಚ್ 22ರೊಳಗೆ ಒಂದು ಅಗತ್ಯ ಪರಿಷ್ಕರಣೆಯನ್ನು ಪಡೆಯಬೇಕೆಂದು ಅಮೆಜಾನ್ ತಿಳಿಸಿತ್ತು. ಅದನ್ನು ಪಡೆಯದ ಸಾಧನಕ್ಕೆ ಗಣಕಯಂತ್ರದ ಮೂಲಕ ಪರಿಷ್ಕರಣೆ ತುಂಬಿಸಬೇಕಾಗುತ್ತದೆ. ಇಷ್ಟು ಹಳೆಯ ಬ್ರೌಸರಿನಲ್ಲಿ ಮಿಂಚಂಚೆಯ ಗುಪ್ತಪದ ಬರೆಯುವುದು ಸುರಕ್ಷಿತವೂ ಅಲ್ಲ. ಕೊಂಡು ಅಥವಾ ಎರವಲು ತಂದ ಸಾಧನದಲ್ಲಿ ಹಿಂದಿನ ಒಡೆಯನ ಖಾತೆ ಉಳಿದಿದ್ದರೆ ನೋಂದಣಿಯನ್ನು ರದ್ದುಮಾಡಿಸಿಯೇ ಬಳಸಬೇಕು.

ಈಚಿನ ಕಿಂಡಲ್‌ಗಳಲ್ಲಿ ಬ್ರೌಸರ್ ಇದೆ, ವೈ-ಫೈ ಮೂಲಕ ಕೆಲಸ ಮಾಡುತ್ತದೆ. ಮಿಂಚಂಚೆಯ ಮೂಲಕ ಕಡತ ಕಳುಹಿಸುವ ಸೌಲಭ್ಯವೂ ಮುಂದುವರಿದಿದೆ. 2022ರಿಂದ ಇಪಬ್ ರೂಪದ ಪುಸ್ತಕಗಳನ್ನೂ ಹೀಗೆ ಕಳುಹಿಸಬಹುದು. ಕನ್ನಡ ಇ-ಪುಸ್ತಕಗಳ ಓದು ಮಾತ್ರ ಬಹುಪಾಲು ದೂರವಾಣಿ ಮತ್ತು ಟ್ಯಾಬ್ಲೆಟ್‌ಗಳಿಗೆ ಹೋಗಿದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿಯೂ 2020ರಲ್ಲಿ ಆರಂಭವಾದ ಮೈಲ್ಯಾಂಗ್ ಆಪ್‌ನಲ್ಲಿಯೂ ಕನ್ನಡ ಪುಸ್ತಕಗಳು ದೊರೆಯುತ್ತವೆ. ಕಣ್ಣಿಗೆ ಹಿತವಾದ ಇ-ಇಂಕ್ ಪರದೆಯೇ ಬೇಕೆನ್ನುವವರಿಗೆ ಓನಿಕ್ಸ್ ಬೂಕ್ಸ್‌ನಂತಹ ಆಂಡ್ರಾಯ್ಡ್ ಆಧಾರಿತ ಇ-ರೀಡರ್‌ಗಳಿವೆ. ಆಂಡ್ರಾಯ್ಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದರಿಂದ ಅವುಗಳಲ್ಲಿ ಮಿಂಚಂಚೆಯನ್ನೂ ಜಾಲತಾಣಗಳನ್ನೂ ಕನ್ನಡದಲ್ಲಿಯೇ ಓದಬಹುದು. ಸಂಪರ್ಕವನ್ನು ಸಾಮಾನ್ಯವಾಗಿ ಜೇಬಿನಲ್ಲಿರುವ ದೂರವಾಣಿಯ ಹಾಟ್‌ಸ್ಪಾಟ್‌ನಿಂದ ಪಡೆಯಬೇಕಾಗುತ್ತದೆ.